ಮಲ್ಲಯ್ಯನ ದಾರಿಗೆ ನಾಲ್ಕು ಕಿಲೊ

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ಮುದ್ದೇಬಿಹಾಳ, ತಾಳಿಕೋಟೆ ಕಡೆಯ ರಸ್ತೆಗಳಲ್ಲಿ ಕೋಳಿ ಕೂಗುವ ಮೊದಲೇ ಕಾಲಸಪ್ಪಳ ಕೇಳಿಸುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಹಳ್ಳಿಗಳಿಂದ ಶ್ರೀಶೈಲಕ್ಕೆ ಹೊರಟ ಮಂದಿ ಅವರು. ಕೆಲವರ ಹೆಗಲ ಮೇಲೆ ಸಿಂಗರಿಸಿದ ಕಂಬಿ, ಕೆಲವರ ಕಾಲಿಗೆ ಚಪ್ಪಲಿ ಇಲ್ಲ, ಹರಕೆ ಹೊತ್ತ ಒಬ್ಬಿಬ್ಬರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಯುಗಾದಿಗೆ ಅಲ್ಲಿನ ದೇವರು ಮಲ್ಲಯ್ಯನ ಮುಂದೆ ನಿಲ್ಲಬೇಕು. ಹುಣ್ಣಿಮೆಯಿಂದ ಪಾಡ್ಯದವರೆಗೆ ಇರುವುದು ಹದಿನೈದು ದಿನ, ದಾರಿ ಹೆಚ್ಚುಕಡಿಮೆ 400 ಕಿ.ಮೀ. ಎಂದರೆ ದಿನಕ್ಕೆ 27 ಕಿ.ಮೀ.ನಂತೆ, ಎರಡು ವಾರ ಬಿಡುವಿಲ್ಲದ ನಡಿಗೆ.

ನಾನು ಮೊದಲ ಸಲ ಹೊರಟಾಗ ನನ್ನ ಬ್ಯಾಗು ಒಂಬತ್ತು ಕಿಲೊ ಇತ್ತು. ನಾಲ್ಕು ಜೊತೆ ಬಟ್ಟೆ, ಮನೆಯ ಕೌದಿ, ಎರಡು ಲೀಟರ್ ನೀರಿನ ಬಾಟಲಿ, ಅವ್ವ ಕಟ್ಟಿಕೊಟ್ಟ ಮೂರು ಡಬ್ಬಿ. ಲಿಂಗಸುಗೂರು ದಾಟುವ ಹೊತ್ತಿಗೆ ಎರಡೂ ಹೆಗಲು ಬಾತು, ಅಂಗಿ ತಾಗಿದರೂ ಉರಿಯುತ್ತಿದ್ದವು. ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ತಪ್ಪದೆ ನಡೆಯುವ ಅಜ್ಜ ಒಬ್ಬರಿದ್ದರು. ಮರದ ನೆರಳಲ್ಲಿ ಕೂತಾಗ ನನ್ನ ಬ್ಯಾಗನ್ನು ಒಂದು ಕೈಯಲ್ಲಿ ಎತ್ತಿ ನೋಡಿ ಕೇಳಿದರು: "ಇಷ್ಟ್ಯಾಕ ಹೊತ್ಕೊಂಡ ಬಂದಿ ತಮ್ಮಾ? ದಾರ್ಯಾಗ ಮಂದಿ ಇಲ್ಲೇನು?"

ಅವರ ಬಳಿ ಇದ್ದದ್ದು ಒಂದು ಬಟ್ಟೆಯ ಬಗಲಚೀಲ. ಒಂದು ಧೋತರ, ಒಂದು ಅಂಗಿ, ಟವೆಲು, ತೆಳ್ಳನೆಯ ಚಾದರ, ಸಣ್ಣ ತಂಬಿಗೆ, ಗುಳಿಗೆಯ ಪುಡಿಕೆ, ಒಂದಿಷ್ಟು ಅಳ್ಳಿಟ್ಟು. ಮುಂದಿನ ಊರಿನ ಕಿರಾಣಿ ಅಂಗಡಿಯಲ್ಲಿ ಎರಡನ್ನೂ ತೂಗಿಸಿದೆ. ಅವರದು ಮೂರೂವರೆ ಕಿಲೊ. ಅಂದು ಸಂಜೆ ನನ್ನ ಅರ್ಧ ಸಾಮಾನನ್ನು ಊರ ಕಡೆ ಹೊರಟ ಬಸ್ಸಿನಲ್ಲಿ ಪರಿಚಿತರ ಕೈಗೆ ಕೊಟ್ಟು ಕಳಿಸಿದೆ.

ಅಜ್ಜನ ಪ್ರಶ್ನೆಯಲ್ಲಿ ಗಂಟು ಕಟ್ಟುವ ವಿದ್ಯೆ ಪೂರ್ತಿ ಇದೆ ಎಂದು ಈಗ ಅನಿಸುತ್ತದೆ. ದಾರಿ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಕೊಡುವುದನ್ನು ಹೊರಬಾರದು, ಕೊಡದ್ದನ್ನು ಮರೆಯಬಾರದು. ಮುಂದಿನ ಯುಗಾದಿಗೆ ಮೊದಲ ಸಲ ನಡೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದೇ ತಾಲ್ಲೂಕುಗಳ ಮನೆಗಳಿಂದ ಈಗ ಮಕ್ಕಳು ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ನೇಪಾಳ, ವಿಯೆಟ್ನಾಂ, ಥಾಯ್ಲೆಂಡ್ ಎಂದು ತಿಂಗಳುಗಟ್ಟಲೆ ಹೊರಡುತ್ತಿದ್ದಾರೆ. ಅವರಿಗೂ ಕೊನೆಯಲ್ಲಿ ಒಂದಿಷ್ಟು ಹೇಳುವುದಿದೆ.

ಮೊದಲು ತಕ್ಕಡಿ

ಕೈಯಲ್ಲಿ ಎತ್ತಿ ನೋಡಿ "ಹಗುರ ಐತಿ" ಎನ್ನಬೇಡಿ. ಮನೆಯ ಪಡಸಾಲೆಯಲ್ಲಿ ಎತ್ತಿದ ಭಾರ ಬೇರೆ, ಹತ್ತನೆಯ ದಿನ ಹನ್ನೊಂದರ ಬಿಸಿಲಿಗೆ ಹೊತ್ತ ಭಾರ ಬೇರೆ. ಒಂದು ಹೆಜ್ಜೆಗೆ ಎರಡೂಕಾಲು ಅಡಿ ಎಂದಿಟ್ಟುಕೊಂಡರೂ 27 ಕಿ.ಮೀ.ಗೆ ಸುಮಾರು 39,000 ಹೆಜ್ಜೆ ಆಗುತ್ತವೆ. ಬೇಡದ ಒಂದು ಕಿಲೊ ಅಷ್ಟೂ ಹೆಜ್ಜೆ ನಿಮ್ಮ ಮಂಡಿಯ ಮೇಲೆ ಇಳಿಯುತ್ತದೆ.

ದಿನವಿಡೀ ನಡೆಯುವವರಿಗೆ ಮೈತೂಕದ ಹತ್ತನೇ ಒಂದು ಪಾಲು ಹೊರೆಯ ಗಡಿ. 60 ಕಿಲೊ ಇದ್ದವರಿಗೆ ಆರು ಕಿಲೊ, ಅದೂ ನೀರು ಸೇರಿ. ನೀರಿನ ಲೆಕ್ಕವನ್ನು ಎಲ್ಲರೂ ಮರೆಯುತ್ತಾರೆ. ಒಂದು ಲೀಟರ್ ನೀರು ಎಂದರೆ ಒಂದು ಕಿಲೊ. ಆದ್ದರಿಂದ ಬ್ಯಾಗು ಮತ್ತು ಅದರೊಳಗಿನ ಸಾಮಾನು ನಾಲ್ಕು ಕಿಲೊ ಮೀರದಂತೆ ಕಟ್ಟಿದರೆ ನೀರಿಗೆ, ದಾರಿಯಲ್ಲಿ ಯಾರೋ ಕೈಗಿಟ್ಟ ಬಾಳೆಹಣ್ಣಿಗೆ ಜಾಗ ಉಳಿಯುತ್ತದೆ.

ಒಂದೊಂದೇ ವಸ್ತುವನ್ನು ತೂಗಿ, ಒಂದು ಹಾಳೆಯಲ್ಲಿ ಬರೆಯಿರಿ. ದಪ್ಪ ಟರ್ಕಿ ಟವೆಲು ಅರ್ಧ ಕಿಲೊ ಹತ್ತಿರ ತೂಗುತ್ತದೆ, ತೆಳ್ಳನೆಯ ಕೈಮಗ್ಗದ ಟವೆಲು ಅದರ ಮೂರನೇ ಒಂದು ಪಾಲೂ ಇಲ್ಲ, ಮೇಲಾಗಿ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಜೀನ್ಸ್ ಪ್ಯಾಂಟು 600 ಗ್ರಾಂ ದಾಟುತ್ತದೆ, ಬೆವರಿಗೆ ಹಸಿಯಾದರೆ ಇನ್ನೂ ಭಾರ. ಹೀಗೆ ಬರೆಯುತ್ತಾ ಹೋದಾಗ ಭಾರ ಎಲ್ಲಿ ಅಡಗಿದೆ ಎಂದು ತಾನಾಗಿ ಕಾಣುತ್ತದೆ. ಬಹಳ ಸಲ ಖಾಲಿ ಬ್ಯಾಗೇ ಒಂದೂವರೆ ಕಿಲೊ ಇರುತ್ತದೆ! ಗಾಲಿ, ಗಟ್ಟಿ ತಳ, ಹತ್ತು ಜಿಪ್ಪು ಇರುವ ಬ್ಯಾಗು ಬೇಡ. ಅಗಲ ಪಟ್ಟಿಯ, 25 ಲೀಟರಿನೊಳಗಿನ ಸಾದಾ ಬ್ಯಾಗು ಸಾಕು. ದೊಡ್ಡ ಬ್ಯಾಗು ತಂದರೆ ಅದು ತುಂಬಿಯೇ ತುಂಬುತ್ತದೆ.

ಈಗೀಗ ಅನೇಕ ಗುಂಪುಗಳ ಹಿಂದೆ ಟ್ರ್ಯಾಕ್ಟರೋ ಟೆಂಪೊವೋ ಬರುತ್ತದೆ. ಸಾಮಾನು ಅದರಲ್ಲಿ ಹೋಗುತ್ತದೆ ಎಂದು ಕೈಬೀಸಿಕೊಂಡು ಹೊರಡಬೇಡಿ. ಗಾಡಿ ನಿಮಗಿಂತ ಎರಡು ಗಂಟೆ ಮುಂದೆಯೋ ಹಿಂದೆಯೋ ಇರುತ್ತದೆ, ಕಾಡಿನ ಕಾಲುದಾರಿಗೆ ಅದು ಬರುವುದೇ ಇಲ್ಲ. ಗುಳಿಗೆ, ಬ್ಯಾಟರಿ, ಚಾದರ, ಒಂದು ಹೊತ್ತಿನ ತಿನಿಸು ಯಾವಾಗಲೂ ನಿಮ್ಮ ಮೈಮೇಲೆಯೇ ಇರಲಿ.

ದಾರಿ ಕೊಡುವುದು, ಕೊಡದಿರುವುದು

ಲಿಂಗಸುಗೂರು, ರಾಯಚೂರು ಸೀಮೆ ದಾಟಿ ಕರ್ನೂಲು, ಆತ್ಮಕೂರುವರೆಗೆ ದಾರಿ ಧಾರಾಳವಾಗಿ ಕೊಡುತ್ತದೆ. ಊರೂರಿಗೆ ದಾಸೋಹ. ಒಂದು ಕಡೆ ಉಪ್ಪಿಟ್ಟು, ಇನ್ನೊಂದು ಕಡೆ ಅನ್ನ ಸಾರು, ಮತ್ತೊಂದು ಕಡೆ ಸಜ್ಜಕ. ಮಜ್ಜಿಗೆ, ಕಲ್ಲಂಗಡಿ, ಶರಬತ್ತು ಹಿಡಿದು ರಸ್ತೆಯಲ್ಲೇ ನಿಂತಿರುತ್ತಾರೆ. ಬಿಸಿನೀರು ಕಾಯಿಸಿ ಕಾಲು ತೊಳೆದು ಎಣ್ಣೆ ತಿಕ್ಕುವವರನ್ನು ಕಂಡಿದ್ದೇನೆ. ನಮ್ಮ ಕಾಲು ಮುಟ್ಟಿಸಿಕೊಳ್ಳಲು ಸಂಕೋಚಪಟ್ಟರೆ ಅವರಿಗೆ ಬೇಸರ. ಗುಡಿ, ಮಠ, ಶಾಲೆಯ ಕಟ್ಟೆ ಮಲಗಲು ಸಿಗುತ್ತವೆ. ಸಾಬೂನು, ಬ್ಲೇಡು, ಬಿಸ್ಕೀಟು, ಒಳಉಡುಪು ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತವೆ. ಇವನ್ನು ಹದಿನೈದು ದಿನಕ್ಕಾಗುವಷ್ಟು ಮನೆಯಿಂದ ಹೊತ್ತು ತರಬೇಡಿ.

ಆತ್ಮಕೂರು ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಅಲ್ಲಿಂದ ನಲ್ಲಮಲ ಕಾಡು. ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ, ಹಾಟಕೇಶ್ವರ ಎಂದು ಸಾಗುವ ಈ ದಾರಿ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಯುತ್ತದೆ. ಶಿವರಾತ್ರಿ, ಯುಗಾದಿಯ ಸಮಯದಲ್ಲಿ ಮಾತ್ರ ಯಾತ್ರಿಕರನ್ನು ಬಿಡುತ್ತಾರೆ. ಕಲ್ಲುದಾರಿ, ಭೀಮನಕೊಳ್ಳದ ಬಳಿ ಕಡಿದಾದ ಇಳಿತ, ಆಮೇಲೆ ಉಸಿರು ಕಟ್ಟಿಸುವ ಏರು. ಕಾಡಿನಲ್ಲೂ ಸೇವೆ ಮಾಡುವವರು ಶಿಬಿರ ಹಾಕಿ ಅನ್ನ, ನೀರು ಕೊಡುತ್ತಾರೆ. ಆದರೆ ಒಂದು ಶಿಬಿರದಿಂದ ಇನ್ನೊಂದಕ್ಕೆ ಎಷ್ಟು ಹೊತ್ತಾಗುತ್ತದೆ ಎನ್ನುವುದು ನಿಮ್ಮ ಕಾಲಿಗೆ ಸೇರಿದ್ದು. ಔಷಧ ಅಂಗಡಿ ಇಲ್ಲ, ಮೊಬೈಲಿಗೆ ಸಿಗ್ನಲ್ ಸಿಗುವುದು ಅಪರೂಪ, ಕತ್ತಲಾದರೆ ಕಾಲಿಟ್ಟ ಕಲ್ಲೂ ಕಾಣುವುದಿಲ್ಲ.

ಆದ್ದರಿಂದ ಆತ್ಮಕೂರಿನಲ್ಲಿ ಬ್ಯಾಗನ್ನು ಇನ್ನೊಮ್ಮೆ ಬಿಚ್ಚಿ ಕಟ್ಟಬೇಕು. ಅಲ್ಲಿಯವರೆಗೆ ಅರ್ಧ ಲೀಟರ್ ನೀರು ಸಾಕಾಗುತ್ತಿದ್ದರೆ ಕಾಡಿಗೆ ಎರಡು ಲೀಟರ್ ಹೊರಿ. ಬ್ಯಾಟರಿಗೆ ಹೊಸ ಸೆಲ್, ಒಂದು ದಿನದ ಒಣ ತಿನಿಸು, ಓಆರ್‌ಎಸ್ ಪೊಟ್ಟಣ, ಗುಳಿಗೆ, ಊರುಗೋಲು. ಪ್ಲಾಸ್ಟಿಕ್ ಹಾಳೆ, ಪೊಟ್ಟಣಗಳನ್ನು ಕಾಡಿನಲ್ಲಿ ಬಿಸಾಡಲೇಬಾರದು. ಖಾಲಿ ಪೊಟ್ಟಣ ತುಂಬಿಕೊಂಡು ಬರಲು ಒಂದು ಬಟ್ಟೆಚೀಲ ಇಟ್ಟುಕೊಳ್ಳಿ. ಅದು ಕಾಡಿನ ಜೀವಗಳ ಮನೆ, ನಾವು ಎರಡು ದಿನದ ಬೀಗರು.

ಉಡುವುದು, ಹೊದೆಯುವುದು

ಎರಡು ಜೊತೆ ಬಟ್ಟೆ, ಅಷ್ಟೆ. ಒಂದು ಮೈಮೇಲೆ, ಒಂದು ಬ್ಯಾಗಿನಲ್ಲಿ. ಮಧ್ಯಾಹ್ನದ ನಿಲುಗಡೆಯಲ್ಲಿ ತೊಳೆದು ಹಾಕಿದರೆ ಮಾರ್ಚ್ ಬಿಸಿಲಿಗೆ ಒಂದೇ ಗಂಟೆಯಲ್ಲಿ ಒಣಗುತ್ತದೆ. ಹಸಿ ಉಳಿದರೆ ಬ್ಯಾಗಿನ ಬೆನ್ನಿಗೆ ಪಿನ್ನು ಚುಚ್ಚಿ ತೂಗುಹಾಕಿಕೊಂಡು ನಡೆಯಿರಿ. ನಾಲ್ಕು ಸೇಫ್ಟಿ ಪಿನ್ನು, ಎರಡು ಮಾರು ತೆಳ್ಳನೆಯ ಹಗ್ಗ ಇವು ತೂಕಕ್ಕೆ ಏನೂ ಅಲ್ಲ, ಕೆಲಸಕ್ಕೆ ಬಹಳ.

ಧೋತರದಂಥ ಉಡುಪು ಇನ್ನೊಂದಿಲ್ಲ. ಉಡಬಹುದು, ಹೊದೆಯಬಹುದು, ಹಾಸಬಹುದು, ತಲೆಗೆ ಸುತ್ತಬಹುದು, ಸ್ನಾನದ ಹೊತ್ತಿಗೆ ಮರೆಗೆ ಕಟ್ಟಬಹುದು. ಒಂದು ವಸ್ತು ಒಂದೇ ಕೆಲಸಕ್ಕೆ ಬರುವುದಾದರೆ ಅದನ್ನು ತರಬೇಕೇ ಎಂದು ಎರಡು ಸಲ ಯೋಚಿಸಿ. ಪ್ಯಾಂಟು ರೂಢಿ ಇರುವ ಹುಡುಗರು ಬೇಗ ಒಣಗುವ ತೆಳು ಪ್ಯಾಂಟು ಹಾಕಿಕೊಳ್ಳಲಿ.

ಹೆಣ್ಣುಮಕ್ಕಳು ಈಗ ಗುಂಪುಗುಂಪಾಗಿ ನಡೆಯುತ್ತಾರೆ. ಅವರ ಅನುಭವದ ಮಾತು: ಇಳಕಲ್ಲ ಸೀರೆ ಮನೆಯಲ್ಲಿರಲಿ, ಹಗುರಾದ ಎರಡು ಸೀರೆಯೋ ಚೂಡಿದಾರವೋ ಸಾಕು. ಪರಕಾರದ ಒಳಗೆ ಮೊಣಕಾಲವರೆಗಿನ ಹತ್ತಿಯ ಚಡ್ಡಿ ಹಾಕಿಕೊಂಡರೆ ತೊಡೆ ತಿಕ್ಕಿ ಉರಿಯುವುದು ತಪ್ಪುತ್ತದೆ. ಈ ಒಂದು ಉರಿಯಿಂದಲೇ ಅರ್ಧ ದಾರಿಗೆ ಬಸ್ ಹತ್ತಿದವರಿದ್ದಾರೆ, ಗಂಡಸರೂ ಸೇರಿ. ಮುಟ್ಟಿನ ದಿನ ಬರಲಿ ಬಿಡಲಿ, ಪ್ಯಾಡು ಅಥವಾ ಬಟ್ಟೆ ಜೊತೆಗಿರಲಿ, ಕಾಡಿನಲ್ಲಿ ಅದನ್ನು ಕೇಳಿ ಪಡೆಯುವ ಜಾಗವಿಲ್ಲ. ಬಳಸಿದ್ದನ್ನು ಸುತ್ತಿಡಲು ಬೇರೆ ಚೀಲ ಬೇಕು. ಬಂಗಾರ ಮೈಮೇಲೆ ಬೇಡ.

ಹೊದಿಕೆಯ ಮಾತು ಸ್ವಲ್ಪ ಕಷ್ಟದ್ದು. ಅಜ್ಜಿ ಹೊಲಿದ ಕೌದಿ ಇಲ್ಲದೆ ನಿದ್ದೆ ಬಾರದವರು ನಮ್ಮಲ್ಲಿ ಬಹಳ. ಆದರೆ ಹಳೆಯ ಸೀರೆಯ ಏಳೆಂಟು ಪದರ ಸೇರಿಸಿ ಹೊಲಿದ ಕೌದಿ ಎರಡು ಕಿಲೊಗೂ ಮೀರುತ್ತದೆ, ನಿಮ್ಮ ಪೂರ್ತಿ ಗಂಟಿನ ಅರ್ಧ. ಸೊಲ್ಲಾಪುರ ಚಾದರವೂ ಕಿಲೊ ಮೇಲೆ. ಯುಗಾದಿಯ ಹೊತ್ತಿಗೆ ರಾಯಚೂರು ಸೀಮೆಯಲ್ಲಿ ರಾತ್ರಿಯೂ ಸೆಕೆ, ಬೆಳಗಿನ ಜಾವದ ತಂಪಿಗೆ ತೆಳ್ಳನೆಯ ಹೊದಿಕೆ ಸಾಕು. ಹಾಸಲು, ಗೊಬ್ಬರದ್ದಲ್ಲದ ಶುಭ್ರವಾದ ಒಂದು ಪಾಟಿಚೀಲವನ್ನು ಬಿಚ್ಚಿ ಹೊಲಿದಿಟ್ಟುಕೊಂಡರೆ 150 ಗ್ರಾಂ ಕೂಡ ಆಗುವುದಿಲ್ಲ.

ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವವರ ಲೆಕ್ಕ ಬೇರೆ. ಇಂಡಿ ಕಡೆಯಿಂದ ಅದು ನಾಲ್ಕೈದು ದಿನದ ದಾರಿ, ನಮ್ಮ ಭೀಮೆಯನ್ನು ಎದುರು ಹತ್ತಿ ಹೋದಂತೆ. ಅಲ್ಲಿ ಬಿಸಿಲಿಗಿಂತ ಮಳೆಯದೇ ಚಿಂತೆ. ತಲೆಯಿಂದ ಮೊಣಕಾಲವರೆಗೆ ಬರುವ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ, ಬಟ್ಟೆ ಸುತ್ತಿಡಲು ಇನ್ನೊಂದು ಹಾಳೆ ಇದ್ದರೆ ಉಳಿದದ್ದು ಇದೇ ಪಟ್ಟಿ.

ಕಾಲು

ಹರಕೆ ಇಲ್ಲದವರು ದಯವಿಟ್ಟು ಬರಿಗಾಲಲ್ಲಿ ಹೊರಡಬೇಡಿ. ಸಕ್ಕರೆ ಕಾಯಿಲೆ ಇದ್ದವರಂತೂ ವೈದ್ಯರನ್ನು ಕೇಳದೆ ಬರಿಗಾಲಿಡಲೇಬಾರದು. ಅವರಿಗೆ ಅಂಗಾಲಿನ ಗಾಯ ಗೊತ್ತಾಗುವುದೇ ತಡವಾಗಿ. ಹೊಸ ಬೂಟು, ಹೊಸ ಚಪ್ಪಲಿ ಕೊಂಡು ಹೊರಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎರಡು ತಿಂಗಳು ಮೆಟ್ಟಿ, ಹೊಲಕ್ಕೆ ಪೇಟೆಗೆ ಓಡಾಡಿ, ಪಾದಕ್ಕೆ ಒಗ್ಗಿದ ಮೆಟ್ಟು ಬೇಕು. ದಾರಿಯಲ್ಲಿ ಮೆಟ್ಟು ಕೊಳ್ಳಬಹುದು, ಒಗ್ಗಿದ ಮೆಟ್ಟು ಕೊಳ್ಳಲಾಗದು.

ಬೂಟು ಹಾಕುವವರು ಎರಡು ಜೊತೆ ಕಾಲುಚೀಲ ಇಟ್ಟುಕೊಂಡು ಮಧ್ಯಾಹ್ನಕ್ಕೊಮ್ಮೆ ಬದಲಿಸಿ. ಗುಳ್ಳೆ ಏಳುವುದು ಬೆವರು ಮತ್ತು ತಿಕ್ಕಾಟದಿಂದ. ಹೊರಡುವ ಮುಂಚೆ ಹಿಮ್ಮಡಿ, ಬೆರಳ ಸಂದಿಗೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಸವರಿದರೆ ಅರ್ಧ ಗೆದ್ದಂತೆ. ಎಲ್ಲಾದರೂ ಚುರುಗುಟ್ಟಿದರೆ "ಮುಂದಿನ ಊರಲ್ಲಿ ನೋಡೋಣ" ಎನ್ನದೆ ಅಲ್ಲೇ ಕೂತು ಪಟ್ಟಿ ಅಂಟಿಸಿ. ಎದ್ದ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಮಣ್ಣಲ್ಲಿ ನಡೆಯುವುದು ಹುಣ್ಣಿಗೆ ದಾರಿ. ದಾಸೋಹದ ಜಾಗಗಳಲ್ಲಿ ಔಷಧೋಪಚಾರದ ಟೇಬಲ್ಲುಗಳಿರುತ್ತವೆ, ಅಲ್ಲಿ ತೋರಿಸಿ.

ಡಾಂಬರು ಕಾದರೆ ಮೆಟ್ಟಿನ ತಳವೂ ಸುಡುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ನಿಂತು, ಬೆಳಗಿನ ಜಾವ ಮೂರಕ್ಕೆ ಏಳುವುದು ರೂಢಿ. ಆ ಕತ್ತಲ ನಡಿಗೆಯಲ್ಲಿ ಹೆದ್ದಾರಿಯ ಲಾರಿ, ಕಬ್ಬಿನ ಟ್ರ್ಯಾಕ್ಟರುಗಳ ಭಯವಿದೆ. ಬ್ಯಾಗಿನ ಬೆನ್ನಿಗೆ, ಟೋಪಿಗೆ, ಊರುಗೋಲಿಗೆ ಒಂದೊಂದು ತುಂಡು ರೇಡಿಯಂ ಪಟ್ಟಿ ಅಂಟಿಸಿ. ಬೈಕಿಗೆ ಸ್ಟಿಕ್ಕರ್ ಹಚ್ಚುವ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ನನ್ನ ಪಟ್ಟಿಯಲ್ಲಿ ಅತಿ ಹಗುರವಾದ ವಸ್ತು ಅದು. ಅದಿಲ್ಲದೆ ಯಾರೂ ಮನೆ ಬಿಡಬಾರದೆಂದು ಕೈಮುಗಿದು ಕೇಳುತ್ತೇನೆ.

ಬುತ್ತಿ

ಬುತ್ತಿ ಕಟ್ಟುವುದರಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಸಾಟಿ ಇಲ್ಲ. ನೀರಿನಂಶ ತೆಗೆದರೆ ತಿನಿಸು ಹಗುರಾಗುತ್ತದೆ, ಕೆಡುವುದೂ ಇಲ್ಲ. ಇಂದು ಚಾರಣದ ಅಂಗಡಿಗಳಲ್ಲಿ ಒಣಗಿಸಿದ ಆಹಾರದ ದುಬಾರಿ ಪೊಟ್ಟಣ ಮಾರುತ್ತಾರೆ. ಖಡಕ್ ರೊಟ್ಟಿ ಅದೇ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತಿದೆ. ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನು ಹಂಚಿನಿಂದ ಇಳಿಸಿ, ಒಲೆಯ ಕಾವಿಗೆ ಆನಿಸಿಟ್ಟು ಹಪ್ಪಳದಂತೆ ಒಣಗಿಸಿದರೆ ತಿಂಗಳಾದರೂ ಕೆಡದು.

ಒಣಗುವುದರಲ್ಲಿ ಅರೆಕೊರೆ ಆದರೆ ಮೂರನೇ ದಿನಕ್ಕೆ ಬೂಸಲು. ಬಿಸಿ ಇದ್ದಾಗಲೇ ಡಬ್ಬಿಗೆ ತುಂಬಿದರೂ ಅಷ್ಟೆ, ಒಳಗೆ ಬೆವತು ಮೆತ್ತಗಾಗುತ್ತದೆ. ಮುರಿದರೆ "ಟಕ್" ಎನ್ನಬೇಕು. ರೊಟ್ಟಿಯನ್ನು ದುಂಡಗೆ ಇಟ್ಟುಕೊಂಡು ಹೊರಡುವ ಹಟ ಬೇಡ. ನಾಲ್ಕು ಚೂರು ಮಾಡಿ ಬಟ್ಟೆಚೀಲದಲ್ಲಿ ಕಟ್ಟಿದರೆ ಜಾಗ ಉಳಿಯುತ್ತದೆ. ಹೇಗೂ ಬ್ಯಾಗಿನಲ್ಲಿ ಮುರಿಯುತ್ತದೆ.

ಜೊತೆಗೆ ಹಿಂಡಿ. ಶೇಂಗಾ, ಅಗಸಿ, ಗುರೆಳ್ಳು ಮೂರರಲ್ಲಿ ಒಂದನ್ನು ಆರಿಸಿ, ಮೂರನ್ನೂ ಅಲ್ಲ. ನನ್ನ ಆಯ್ಕೆ ಶೇಂಗಾ, ಬೆಲ್ಲದ ಜೊತೆಗೂ ಹೋಗುತ್ತದೆ, ಮಜ್ಜಿಗೆಗೂ ಹೋಗುತ್ತದೆ. ಸ್ಟೀಲ್ ಡಬ್ಬಿ ಬೇಡ, ಗಟ್ಟಿ ಪೊಟ್ಟಣದಲ್ಲಿ 200 ಗ್ರಾಂ ಸಾಕು. ಎಣ್ಣೆ ಹಾಕಿದ ಚಟ್ನಿ, ಉಪ್ಪಿನಕಾಯಿ ಬ್ಯಾಗಿನಲ್ಲಿ ಸೋರಿದರೆ ಇರುವ ಎರಡು ಜೊತೆ ಬಟ್ಟೆಯೂ ಹೋದವು. ಅಳ್ಳಿಟ್ಟಿಗೆ ನಾನು ರೊಟ್ಟಿಗಿಂತ ಹೆಚ್ಚು ಮರ್ಯಾದೆ ಕೊಡುತ್ತೇನೆ. ಜೋಳದ ಅಳ್ಳು ಹುರಿದು ಬೀಸಿದ ಹಿಟ್ಟು, ಬೆಲ್ಲದ ಪುಡಿ, ಏಲಕ್ಕಿ. ಬೆಂಕಿ ಬೇಡ, ಪಾತ್ರೆ ಬೇಡ, ಅಂಗೈಯಲ್ಲಿ ನೀರು ಹಾಕಿ ಕಲಸಿದರೆ ಒಂದು ಹೊತ್ತಿನ ಹಸಿವು ಇಂಗುತ್ತದೆ. ಅದೇ ರೀತಿ ಮಾದಲಿ. ಕಾಡಿನ ಎರಡು ದಿನಕ್ಕೆ ಅರ್ಧ ಕಿಲೊ ಅಳ್ಳಿಟ್ಟೋ ಮಾದಲಿಯೋ ಇದ್ದರೆ ಬೇರೇನೂ ಬೇಡ.

ಬಿಸಿಲಿಗೆ ನಾಲ್ಕು ಇಂಡಿ ನಿಂಬೆಹಣ್ಣು. ಹಣ್ಣಿಗೆ ತೂಕ ಇದೆ, ಆದರೆ ಇದೊಂದಕ್ಕೆ ನಾನು ವಿನಾಯಿತಿ ಕೊಡುತ್ತೇನೆ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರು ಕುಡಿದರೆ ತಲೆ ಸುತ್ತುತ್ತದೆ. ಓಆರ್‌ಎಸ್ ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ, ಮೇಲೆ ನಿಂಬೆ ಹಿಂಡಿ. ಉಪ್ಪು ಹೆಚ್ಚಾಗದಂತೆ ಎಚ್ಚರ.

ಇದೇ ರಸ್ತೆಗಳಲ್ಲಿ ಇನ್ನೊಂದು ಗಂಟಿನ ಮಂದಿಯೂ ಸಾಗುತ್ತಾರೆ. ಗೋವಾ, ಪುಣೆ, ಮುಂಬೈ ಎಂದು ದುಡಿಯಲು, ಕಬ್ಬು ಕಡಿಯಲು ಗುಳೆ ಹೋಗುವವರು. ಅವರ ಹೊರೆಯಲ್ಲಿ ಜೋಳದ ಹಿಟ್ಟಿನ ಚೀಲ, ಒಲೆ, ಹಂಚು, ಕೊಡ, ತಾಡಪತ್ರಿ, ಕೂಸಿನ ತೊಟ್ಟಿಲ ಸೀರೆ ಎಲ್ಲ ಇರುತ್ತದೆ. ಅವರಿಗೆ ಗಂಟು ಹಗುರ ಮಾಡಲು ಬರುವುದಿಲ್ಲ ಎಂದಲ್ಲ. ಅವರ ದಾರಿಯಲ್ಲಿ ದಾಸೋಹದ ಪೆಂಡಾಲು ಇಲ್ಲ. ಮಲ್ಲಯ್ಯನ ದಾರಿಯ ಮಂದಿಗೆ ಅಡ್ಡನಿಂತು ಉಣ್ಣಿಸುವ ನಾವು, ಅವರ ಟ್ರಕ್ಕು ನಿಂತಾಗ ಒಂದು ಕೊಡ ನೀರನ್ನಾದರೂ ಕೊಡಬಹುದು.

ವಿಮಾನ ಹತ್ತುವವರಿಗೆ

ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳು ಹೆಸರಿಗೆ ನಮ್ಮವು, ಊರಿನಿಂದ ದೂರ. ಆದ್ದರಿಂದ ಹನೋಯ್‌ಗೆ ಹೋಗುವವರೂ ಮೊದಲು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸನ್ನೇ ಹತ್ತಬೇಕು. ಬ್ಯಾಗಿನ ಪರೀಕ್ಷೆಯೂ ಅಲ್ಲೇ ಆಗಲಿ. ಸಂತೆಯ ದಿನ ತುಂಬಿದ ಬಸ್ಸಿನಲ್ಲಿ ಒಬ್ಬರೇ ಆ ಬ್ಯಾಗನ್ನು ತಲೆಮೇಲಿನ ಕಂಬಿಗೆ ಏರಿಸಿ, ಇಳಿಯುವಾಗ ಯಾರಿಗೂ ತಾಗಿಸದೆ ಇಳಿಸಲು ಬಂದರೆ ಅದು ಯಾವ ದೇಶಕ್ಕೂ ನಡೆಯುತ್ತದೆ.

ಬಹುತೇಕ ವಿಮಾನ ಸಂಸ್ಥೆಗಳಲ್ಲಿ ಕೈಸಾಮಾನಿನ ಮಿತಿ 7 ಕಿಲೊ. ಎರಡು ತಿಂಗಳ ಪ್ರವಾಸಕ್ಕೆ ಅಷ್ಟರಲ್ಲಿ ಆಗುತ್ತದೆಯೇ ಎಂದು ಕೇಳಬೇಡಿ. ಎರಡು ವಾರಕ್ಕೆ ಎಷ್ಟು ಬೇಕೋ ಎರಡು ತಿಂಗಳಿಗೂ ಅಷ್ಟೇ, ತೊಳೆಯುವ ಸಲ ಮಾತ್ರ ಹೆಚ್ಚು. ಮೂರು ಜೊತೆ ಬಟ್ಟೆ, ಅದೇ ತೆಳು ಟವೆಲು, ಒಂದು ಧೋತರ, ಒಗ್ಗಿದ ಬೂಟು ಕಾಲಲ್ಲಿ. ಚಳಿಗೆ ಒಂದೇ ದಪ್ಪ ಕೋಟಿಗಿಂತ ತೆಳ್ಳನೆಯ ಮೂರು ಪದರ ವಾಸಿ: ಒಳಗೆ ಮೈಗಂಟುವ ಬೆಚ್ಚನೆಯ ಬನಿಯನ್, ನಡುವೆ ಉಣ್ಣೆಯದು, ಮೇಲೆ ಗಾಳಿ ಮಳೆ ತಡೆಯುವ ಜಾಕೀಟು. ಹಿಮದ ಎತ್ತರಕ್ಕೆ ಬೇಕಾಗುವ ದಪ್ಪ ಜಾಕೀಟು, ಮಲಗುಚೀಲಗಳು ಕಾಠ್ಮಂಡುವಿನ ಥಮೇಲ್ ಪೇಟೆಯಲ್ಲಿ ಬಾಡಿಗೆಗೇ ಸಿಗುತ್ತವೆ. ಅವನ್ನು ವಿಜಯಪುರದಿಂದ ಹೊತ್ತು ಹೋಗುವುದು ಏಕೆ?

ಕೆಲವು ನಿಯಮ ಗೊತ್ತಿಲ್ಲದೆ ನಮ್ಮ ಕಡೆಯವರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಕೈಬ್ಯಾಗಿನಲ್ಲಿ ಎಣ್ಣೆ, ತುಪ್ಪ, ಶಾಂಪೂ ಯಾವುದೇ ದ್ರವ ಒಂದೊಂದು ಬಾಟಲಿ 100 ಮಿ.ಲೀ. ಮೀರಬಾರದು. ಪವರ್ ಬ್ಯಾಂಕು ಕೈಬ್ಯಾಗಿನಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ನಡೆಯುತ್ತದೆ, ಆದರೆ 10,000ದ್ದು ಅದರ ಅರ್ಧ ತೂಕಕ್ಕೆ ಮುಗಿಯುತ್ತದೆ. ಒಣಕೊಬ್ಬರಿ ಎಣ್ಣೆಯಂಶದಿಂದ ಬೇಗ ಉರಿಯುವ ವಸ್ತು, ವಿಮಾನದಲ್ಲಿ ಅದಕ್ಕೆ ನಿರ್ಬಂಧವಿದೆ, ಕೊಬ್ಬರಿ ಬಟ್ಟಲನ್ನು ಮನೆಯಲ್ಲೇ ಬಿಡಿ.

ಎಲ್ಲಕ್ಕಿಂತ ಮುಖ್ಯವಾಗಿ ಗಸಗಸೆ. ನಮ್ಮ ಕರದಂಟು, ಉಂಡಿ, ಮಾದಲಿಗಳಲ್ಲಿ ಅದು ಸಹಜ. ದುಬೈ ಇರುವ ಯುಎಇ, ಸೌದಿ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ, ಮಾದಕ ವಸ್ತುವಿನ ಲೆಕ್ಕಕ್ಕೆ ಹಿಡಿಯುತ್ತಾರೆ. ಅವ್ವ ಪ್ರೀತಿಯಿಂದ ಕಟ್ಟಿದ ಡಬ್ಬಿಯಿಂದ ಮಗ ಪೊಲೀಸರ ಮುಂದೆ ನಿಲ್ಲುವಂತಾಗಬಾರದು. ಆ ದೇಶಗಳಲ್ಲಿ ಬರೀ ವಿಮಾನ ಬದಲಿಸುವುದಿದ್ದರೂ ಗಸಗಸೆ ಬೇಡ. ಮಾಡುವಾಗಲೇ ಅದಿಲ್ಲದೆ ಮಾಡಲು ಹೇಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇಳಿಯುವವರು ತಿನಿಸು ಏನಿದ್ದರೂ ಅಲ್ಲಿನ ಫಾರಂನಲ್ಲಿ ಬರೆದು ತೋರಿಸಬೇಕು. ಮುಚ್ಚಿಟ್ಟರೆ ದೊಡ್ಡ ದಂಡ.

ರೊಟ್ಟಿ, ಶೇಂಗಾ ಹಿಂಡಿ ಮೊದಲ ಎರಡು ದಿನಕ್ಕಾಗುವಷ್ಟು ಇರಲಿ. ಆಮೇಲೆ ಅಲ್ಲಿನದನ್ನೇ ಉಣ್ಣಿ. ಶಾಕಾಹಾರಿಗಳಿಗೆ ಭಯ ಬೇಡ. ವಿಯೆಟ್ನಾಮಿನಲ್ಲಿ "ಚಾಯ್" ಎಂದು ಬರೆದ ಅಂಗಡಿ ಎಂದರೆ ಶಾಕಾಹಾರ. ಚಾಂದ್ರಮಾನ ತಿಂಗಳ ಮೊದಲ ದಿನ, ಹದಿನೈದನೇ ದಿನ ಅಲ್ಲಿಯ ಬೌದ್ಧರು ಅನೇಕರು ಮಾಂಸ ಬಿಡುತ್ತಾರೆ, ನಮ್ಮ ಸೋಮವಾರದಂತೆ. ಥಾಯ್ಲೆಂಡ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ "ಜೇ" ಎಂಬ ಗುರುತು ನೋಡಿಕೊಳ್ಳಿ. ಈ ಎರಡು ಪದ ಹೊತ್ತರೆ ಹತ್ತು ಕಿಲೊ ಅವಲಕ್ಕಿ ಇಳಿಸಿದಂತೆ.

ಅಲ್ಲಿನ ದಾರಿ ಕೊಡದಿರುವವು ಇವು: ದಿನವೂ ನುಂಗುವ ಗುಳಿಗೆ, ಅದಕ್ಕೆ ವೈದ್ಯರ ಚೀಟಿ, ಕನ್ನಡಕದ ನಂಬರು, ಪಾಸ್‌ಪೋರ್ಟು. ಪಾಸ್‌ಪೋರ್ಟಿಗೆ ಅಲ್ಲಿ ಇಳಿಯುವ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ನೇಪಾಳಕ್ಕೆ ನಮಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಕಾಗದಗಳ ಒಂದು ನಕಲು ಬ್ಯಾಗಿನಲ್ಲಿ, ಒಂದು ಮೊಬೈಲಿನಲ್ಲಿ, ಒಂದು ಮನೆಯಲ್ಲಿ ಅಪ್ಪನ ಟ್ರಂಕಿನಲ್ಲಿ. ಹಣವನ್ನು ಎರಡು ಕಡೆ ಹಂಚಿಡಿ.

ಹೊರಡುವ ಮುನ್ನ, ಬಂದ ಮೇಲೆ

ಹೊರಡುವ ವಾರ ಮೊದಲೇ ಎಲ್ಲವನ್ನೂ ಕೌದಿಯ ಮೇಲೆ ಹರಡಿ. ಆಮೇಲೆ ಬ್ಯಾಗು ಕಟ್ಟಿಕೊಂಡು ಒಂದು ಮುಂಜಾನೆ ಹತ್ತು ಕಿ.ಮೀ. ನಡೆದು ಬನ್ನಿ. ಬಾಗೇವಾಡಿಯವರು ಇಂಗಳೇಶ್ವರದ ಕಡೆ ಹೋಗಿ ಬರಬಹುದು, ಉಳಿದವರು ತಮ್ಮ ಹೊಲದ ದಾರಿ ಹಿಡಿಯಲಿ. ಬಂದ ಮೇಲೆ ಯಾವ ಪಟ್ಟಿ ಎಲ್ಲಿ ಒತ್ತಿತು ಎಂದು ನೋಡಿ, ಇನ್ನಷ್ಟು ತೆಗೆಯಿರಿ. ಭಾರದ್ದು ಬೆನ್ನಿಗೆ ಹತ್ತಿರ, ನಡುವಿನಲ್ಲಿ ಇರಲಿ. ನೀರು, ಚಾದರ, ಬ್ಯಾಟರಿ ಕೈಗೆ ಸಿಗುವ ಹಾಗೆ ಮೇಲೆ. ಗುಳಿಗೆಗಳನ್ನು ಎರಡು ಪಾಲು ಮಾಡಿ ಒಂದನ್ನು ಜೊತೆಗಾರರ ಬ್ಯಾಗಿನಲ್ಲಿಡಿ. ಮನೆಯವರ ಫೋನ್ ನಂಬರು, ರಕ್ತದ ಗುಂಪು, ನುಂಗುವ ಔಷಧದ ಹೆಸರು ಬರೆದ ಚೀಟಿ ಕಿಸೆಯಲ್ಲಿರಲಿ. ಆಂಧ್ರದಲ್ಲಿ ತೋರಿಸಲು ಅದನ್ನೇ ತೆಲುಗಿನಲ್ಲೂ ಬರೆಸಿಕೊಳ್ಳಿ.

ಗುಂಪಿಗೆ ಒಂದೇ ಸಾಕಾಗುವ ಸಾಮಾನನ್ನು ಹಂಚಿಕೊಳ್ಳಿ. ಐದು ಜನಕ್ಕೆ ಐದು ಎಣ್ಣೆ ಬಾಟಲಿ, ಐದು ಬಟ್ಟೆ ಸಾಬೂನು, ಐದು ಚಾರ್ಜರು ಏಕೆ? ನಮ್ಮ ಗುಂಪಿನಲ್ಲಿ ಈಗ ಒಬ್ಬರು ಔಷಧದ ಚೀಲ, ಒಬ್ಬರು ಹಗ್ಗ ಮತ್ತು ಸಾಬೂನು, ಒಬ್ಬರು ಪವರ್ ಬ್ಯಾಂಕು ಹೊರುತ್ತಾರೆ. ಅಜ್ಜ ಈಗಲೂ ಬರುತ್ತಾರೆ. ಅವರ ಪಾಲಿನ ನಿಂಬೆಹಣ್ಣು ನನ್ನ ಬ್ಯಾಗಿನಲ್ಲಿ.

ನಮ್ಮ ಸೀಮೆಯಲ್ಲಿ ಹಿಂದೆ ಬಿಟ್ಟ ಕೃಷ್ಣೆ ಶ್ರೀಶೈಲದ ಪಾತಾಳಗಂಗೆಯಲ್ಲಿ ಮತ್ತೆ ಸಿಗುತ್ತಾಳೆ. ಅಲ್ಲಿ ಮಿಂದು ಉಡಲು ಒಂದು ಮಡಿ ಬಟ್ಟೆಯನ್ನು ಹದಿನೈದು ದಿನ ಬಿಚ್ಚದೆ ಪೊಟ್ಟಣದಲ್ಲಿ ಕಟ್ಟಿಟ್ಟುಕೊಂಡು ಬರುವವರಿದ್ದಾರೆ. ಲೆಕ್ಕದ ಎರಡು ಜೊತೆಗೆ ಅದು ಮೂರನೆಯದು. ಅದನ್ನು ತೆಗೆಯಿರಿ ಎಂದು ನಾನು ಯಾರಿಗೂ ಹೇಳಿಲ್ಲ.

ಬಸ್ಸಿನಲ್ಲಿ ಮರಳಿ ಬಂದ ದಿನ ಬ್ಯಾಗನ್ನು ಹಾಗೇ ಮೂಲೆಗೆ ಎಸೆಯಬೇಡಿ. ಬಳಸಿದ್ದನ್ನು ಒಂದು ಕಡೆ, ಒಮ್ಮೆಯೂ ಮುಟ್ಟದ್ದನ್ನು ಇನ್ನೊಂದು ಕಡೆ ಹಾಕಿ. ಗುಳಿಗೆ, ಪಟ್ಟಿ, ಬ್ಯಾಟರಿ ಬಿಟ್ಟು ಉಳಿದ ಮುಟ್ಟದ ಸಾಮಾನಿನ ಹೆಸರು ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ನನ್ನ ಕಪಾಟಿನ ಚೀಟಿಯಲ್ಲಿ ಮೊದಲ ವರ್ಷ ಹದಿನಾಲ್ಕು ಹೆಸರಿದ್ದವು. ಕಳೆದ ಯುಗಾದಿಗೆ ಒಂದು: ಛತ್ರಿ.